ಡೊಳ್ಳಿನ ಎಡಗೈ

ನಾನು ಸಿಟ್ಟಿನ ಮನುಷ್ಯ. ರೇಡಿಯೊ ರಿಪೇರಿ ಮಾಡುವವನಿಗೆ ತಾಳ್ಮೆ ಇರಬೇಕು ಎಂದು ಜನ ಹೇಳುತ್ತಾರೆ. ಇತ್ತು ಮಾರಾಯರೆ, ಆದರೆ ಅದೆಲ್ಲ ರೇಡಿಯೊಗಳಿಗೇ ಖರ್ಚಾಗಿ ಮನುಷ್ಯರ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ಇಳಕಲ್ಲಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಎರಡೂ ಮಗ್ಗುಲಿಗೆ ನೇಕಾರರ ಮನೆಗಳು. ದಿನವೆಲ್ಲ ಮಗ್ಗಗಳ ಸಪ್ಪಳದ ನಡುವೆ ನಾನು ಸ್ಪೀಕರಿಗೆ ಕಿವಿ ಹಚ್ಚಿ ಕೂತಿರುತ್ತಿದ್ದೆ. ರಿಪೇರಿಯ ಜೊತೆಗೆ ಮದುವೆ, ಸಭೆ, ಪೂಜೆಗಳಿಗೆ ಮೈಕ್ ಸೆಟ್ ಹಚ್ಚುವ ಕೆಲಸವೂ ಇತ್ತು. ಹುನಗುಂದದಿಂದ ಬಾದಾಮಿಯವರೆಗೆ ಎಲ್ಲಿ ಹೋದರೂ ನನ್ನ ಮೈಕಿನ ದನಿ ಸ್ವಚ್ಛ, ಒಂದು ಮಾತೂ ಮಸುಕಾಗುವುದಿಲ್ಲ ಎಂಬ ಹೆಸರಿತ್ತು. ಹೆಸರಿನ ಜೊತೆ ಅದರ ಸೊಕ್ಕೂ ಇತ್ತು.

ನಮ್ಮ ಅಕ್ಕನನ್ನು ಗುಡೂರಿಗೆ ಕೊಟ್ಟಿತ್ತು. ಅಕ್ಕನ ಗಂಡನನ್ನು ನಾನು ಮಾವ ಎಂದು ಕರೆಯುತ್ತಿದ್ದೆ. ಅವರಿಗೆ ನಾಲ್ಕು ಎಕರೆ ಹೊಲವಿತ್ತು, ಒಂದು ಹಿಂಡು ಕುರಿಯಿತ್ತು. ಆದರೆ ಸುತ್ತಲಿನವರು ಅವರನ್ನು ಗುರುತಿಸುತ್ತಿದ್ದದ್ದು ಬೀರಪ್ಪನ ಗುಡಿಯ ಡೊಳ್ಳಿನ ಮೇಳದಿಂದ. ಮೇಳ ದುಂಡಗೆ ನಿಂತರೆ ಮಾವ ನಡುವೆ ನಿಲ್ಲುವವರು. ಡೊಳ್ಳನ್ನು ಬಲಗೈಯಲ್ಲಿ ಕೋಲಿನಿಂದ ಬಡಿಯುತ್ತಾರೆ, ಎಡಗೈಯಲ್ಲಿ ಬರೀ ಅಂಗೈಯಿಂದ. ಕೋಲಿನ ಪೆಟ್ಟು ಚುರುಕು, ಊರ ಹೊರಗಿದ್ದವರಿಗೂ ಕೇಳಿಸುತ್ತದೆ. ಅಂಗೈಯ ಪೆಟ್ಟು ಹಾಗಲ್ಲ. ಅದು ನೆಲದೊಳಗಿಂದ ಬಂದಂತೆ ಬಂದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ. ಕುಣಿಯುವವರ ಕಾಲು ಏಳುವುದು ಆ ಪೆಟ್ಟಿಗೆ. ಮಾವನ ಎಡಗೈ ಅಂದರೆ ಎಡಗೈ. ಬೇರೆ ಊರಿನ ಮೇಳದವರು ಅದನ್ನು ಕೇಳುವುದಕ್ಕೆಂದೇ ಗುಡೂರಿಗೆ ಬರುತ್ತಿದ್ದರು.

ಆ ಮಾವನಿಗೆ ಒಂದು ಬೆಳಿಗ್ಗೆ ಲಕ್ವಾ ಹೊಡೆಯಿತು. ಕುರಿಗೆ ನೀರು ಕುಡಿಸಲು ಹೋದವರು ನೀರು ತುಂಬುವ ಕಲ್ಲಿನ ದೋಣಿಯ ಪಕ್ಕದಲ್ಲೇ ಕುಸಿದು ಕೂತರಂತೆ. ಬಾಗಲಕೋಟೆಯ ದವಾಖಾನೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ಮಾತು ಉಳಿಯಿತು, ಬಾಯಿ ಮಾತ್ರ ಸ್ವಲ್ಪ ಸೊಟ್ಟಗಾಯಿತು. ಎಡಗಾಲು ಎಳೆದುಕೊಂಡಾದರೂ ಬರುವಂತಾಯಿತು. ಎಡಗೈ ಮಾತ್ರ ಹೋಗಿಯೇ ಹೋಯಿತು. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಅಕ್ಕನನ್ನು ಹೊರಗೆ ಕರೆದು, ಆ ಕೈಯ ಆಸೆ ಬಿಡ್ರಿ ಅಂದಿದ್ದರು.

ಮನೆಗೆ ಬಂದ ಮೇಲೆ ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ರೊಟ್ಟಿ ಮುರಿದು ಕೊಟ್ಟರೆ ಎರಡು ತುತ್ತು, ಆಮೇಲೆ ಸಾಕು. ಮೇಳದವರು ಮಾತನಾಡಿಸಲು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ಅಕ್ಕ ಗುಡೂರಿನ ಬಸ್ಸು ಹಿಡಿದು ಸೀದಾ ನನ್ನ ಅಂಗಡಿಗೇ ಬಂದಳು.

"ತಮ್ಮಾ, ಎರಡು ವರ್ಷದ ಹಿಂದ ನೀ ಗುಡಿ ಮುಂದ ಡೊಳ್ಳು ಟೇಪ್ ಮಾಡಿದ್ದಿ ನೋಡು, ಅದು ಐತೇನು?"

"ಐತಿ. ಯಾಕ?"

"ಅದನ್ನ ಕೇಳಬೇಕಂತಾರ. ಬ್ಯಾರೆ ಏನೂ ಕೇಳವಲ್ರು. ನಿನ್ನಿ ರಾತ್ರಿ ಅಂದ್ರು, ನನ್ನ ಕೈ ಇನ್ನ ಆ ಟೇಪಿನಾಗ ಅಷ್ಟ ಉಳದೈತಿ ಅಂತ." ಇಷ್ಟು ಹೇಳಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

ಅದಕ್ಕೇನು, ಇವತ್ತೇ ಬರ್ತೇನಿ ಅಂದೆ. ಅಮಾವಾಸ್ಯೆಯ ಪೂಜೆಗೆ ಮೈಕ್ ಹಚ್ಚಲು ಹೋದಾಗ ಆ ಕ್ಯಾಸೆಟ್ ತುಂಬಿಸಿದ್ದೆ. ಮೈಕನ್ನು ಮಾವನ ಡೊಳ್ಳಿನ ಎದುರಿಗೇ ನಿಲ್ಲಿಸಿ, ಆಂಪ್ಲಿಫೈಯರಿನಿಂದ ಒಂದು ತಂತಿ ಎಳೆದು ಟೇಪ್ ರೆಕಾರ್ಡರಿಗೆ ಕೊಟ್ಟಿದ್ದೆ. ಅಷ್ಟು ಚೊಕ್ಕಟ ರೆಕಾರ್ಡು ನಮ್ಮ ಕಡೆ ಯಾರೂ ಮಾಡಿರಲಿಲ್ಲ ಎಂದು ಎದೆ ತಟ್ಟಿ ಹೇಳಿಕೊಂಡು ತಿರುಗಿದ್ದೆ.

ಗುಡೂರಿಗೆ ಹೋಗಿ, ಮಾವನನ್ನು ದಿಂಬಿಗೆ ಒರಗಿಸಿ ಕೂಡಿಸಿ, ಟೇಪ್ ಹಚ್ಚಿದೆ. ಕೋಲಿನ ಪೆಟ್ಟು ಟಣಟಣ ಬಂತು. ಮಾವ ಮೊದಲು ನಕ್ಕರು. ದವಾಖಾನೆಯಿಂದ ಬಂದ ಮೇಲೆ ಅದೇ ಮೊದಲನೆಯ ನಗೆ ಎಂದು ಅಕ್ಕ ಆಮೇಲೆ ಹೇಳಿದಳು. ಸ್ವಲ್ಪ ಹೊತ್ತಾದ ಮೇಲೆ ಹುಬ್ಬು ಗಂಟಿಕ್ಕಿದರು. ತಲೆ ಮುಂದಕ್ಕೆ ಚಾಚಿದರು. ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ಮುಗಿಯುವವರೆಗೂ ಹಾಗೇ ಕೇಳಿ, ಕಡೆಗೆ ನನ್ನ ಮುಖ ನೋಡಿದರು.

"ತಮ್ಮಾ, ಎಡಗೈ ಎಲ್ಲೈತಿ?"

"ಐತಿ ಮಾವ. ಈ ಡಬ್ಬಿ ಸಣ್ಣದು. ಇದರ ಸ್ಪೀಕರ್ ಅಂಗೈ ಅಗಲ. ದಪ್ಪ ದನಿ ಇದಕ್ಕ ತಡಕೊಳ್ಳೂದಿಲ್ಲ. ನಾ ದೊಡ್ಡದು ಕಟ್ಕೊಂಡ್ ಬರ್ತೇನಿ."

"ಬಾ ಹಂಗಾರ," ಅಂದರು. ಆ ದಿನ ಒಂದು ರೊಟ್ಟಿ ಪೂರ್ತಿ ತಿಂದರು. ಅದನ್ನು ನೋಡಿ ನಾನು ಉಬ್ಬಿಹೋದೆ.

ಅಂಗಡಿಯ ಕೆಲಸವನ್ನೆಲ್ಲ ಬದಿಗೆ ತಳ್ಳಿ ಕೂತೆ. ಬರೀ ದೊಡ್ಡ ಸ್ಪೀಕರ್ ಅಲ್ಲ, ಮಾವ ಮೇಳದ ನಡುವೆ ನಿಂತಾಗ ಹೇಗೆ ಕೇಳುತ್ತಿತ್ತೋ ಹಾಗೇ ಕೇಳಿಸಬೇಕು ಎಂಬ ಹಟ. ಅದಕ್ಕಾಗಿ ಮಂಚದ ನಾಲ್ಕು ದಿಕ್ಕಿಗೆ ನಾಲ್ಕು ಸಣ್ಣ ಸ್ಪೀಕರ್ ಪೆಟ್ಟಿಗೆ. ಅವುಗಳ ಕೆಲಸ ಸಣ್ಣ ದನಿ, ಚುರುಕು ದನಿ. ದಪ್ಪ ದನಿಗೆಲ್ಲ ಒಂದೇ ಒಂದು ದೊಡ್ಡ ಸ್ಪೀಕರ್. ಅದನ್ನು ಮನೆಯಲ್ಲಿ ಎಲ್ಲಿಟ್ಟರೂ ನಡೆಯುತ್ತದೆ, ಏಕೆಂದರೆ ದಪ್ಪ ದನಿ ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿಗೆ ತಿಳಿಯುವುದೇ ಇಲ್ಲ. ಆದರೆ ಪಾಲು ಸರಿಯಾಗಿ ಹಂಚಬೇಕು. ಸಣ್ಣ ಸ್ಪೀಕರಿಗೆ ದಪ್ಪ ದನಿ ಹೋದರೆ ಅದು ಫರಫರ ಎಂದು ಹರಿದುಹೋಗುತ್ತದೆ. ತಾಮ್ರದ ತಂತಿಯ ಸುರುಳಿ ದಪ್ಪ ದನಿಯನ್ನು ಒಳಗೆ ಬಿಟ್ಟು ಸಣ್ಣದನ್ನು ತಡೆಯುತ್ತದೆ. ಕಂಡೆನ್ಸರ್ ಅದಕ್ಕೆ ಉಲ್ಟಾ, ಸಣ್ಣದನ್ನು ಒಳಗೆ ಬಿಟ್ಟು ದಪ್ಪದನ್ನು ಹೊರಗೆ ನಿಲ್ಲಿಸುತ್ತದೆ. ಸುಟ್ಟ ಮೋಟಾರೊಂದರ ತಂತಿ ಬಿಚ್ಚಿ, ಮರದ ಉಂಡೆಗೆ ಸುತ್ತಿ ಸುತ್ತಿ ಸುರುಳಿ ಮಾಡಿದೆ. ನಾಲ್ಕೂ ಸಣ್ಣ ಪೆಟ್ಟಿಗೆಗೆ ಒಂದೊಂದು ಕಂಡೆನ್ಸರ್ ಹಚ್ಚಿದೆ.

ದೊಡ್ಡ ಸ್ಪೀಕರಿಗೆ ಪೆಟ್ಟಿಗೆ ಮಾಡಲಿಲ್ಲ. ನಮ್ಮ ಕಡೆ ಅದಕ್ಕೆ ಕುಂಬಾರನೇ ಬಡಗಿ. ಕಾಳು ತುಂಬುವ ದೊಡ್ಡ ಮಣ್ಣಿನ ಹರವಿ ತಂದು, ಅದರ ಬಾಯಿಗೆ ಎಂಟಿಂಚಿನ ಸ್ಪೀಕರ್ ಕೂಡಿಸಿ, ಸುತ್ತಲೂ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದೆ. ಹರವಿಯ ಹೊಟ್ಟೆಯಲ್ಲಿ ಗಾಳಿ ಗುಂಯ್ಗುಟ್ಟಿ ದನಿ ಇಮ್ಮಡಿಯಾಗುತ್ತದೆ. ಆಗ ಚಹಾದಂಗಡಿಗಳಲ್ಲೆಲ್ಲ ಇದೇ ಉಪಾಯ ನಡೆಯುತ್ತಿತ್ತು, ನನ್ನದೇನೂ ಹೊಸ ಶೋಧವಲ್ಲ.

ಅಂಗಡಿಯಲ್ಲಿದ್ದ ಇನ್ನೊಂದು ಆಂಪ್ಲಿಫೈಯರಿನ ಸಮೇತ ಎಲ್ಲವನ್ನೂ ಟೆಂಪೊದಲ್ಲಿ ಹೇರಿಕೊಂಡು ಗುಡೂರಿಗೆ ಹೋದೆ. ಪಡಸಾಲೆಯ ನಾಲ್ಕು ಮೂಲೆಗೆ ಪೆಟ್ಟಿಗೆ ಇಟ್ಟು, ಹರವಿಯನ್ನು ಕಂಬದ ಬುಡಕ್ಕೆ ನಿಲ್ಲಿಸಿದೆ. ಮೊದಲು ಪರೀಕ್ಷೆಗೆಂದು ಒಂದು ಸಿನಿಮಾ ಹಾಡಿನ ಕ್ಯಾಸೆಟ್ ಹಾಕಿದೆ. ಯಪ್ಪಾ, ಏನು ಹೇಳಲಿ! ಹಲಗೆಯ ಮೇಲಿನ ತಾಟು ತಂಬಿಗೆಗಳು ಗಣಗಣ ಎಂದವು. ಮಾಳಿಗೆಯ ಮಣ್ಣು ಉದುರಿತು. ಅಡುಗೆಮನೆಯಿಂದ ಅಕ್ಕ ಓಡಿ ಬಂದಳು.

"ಏ, ಮನಿ ಕೆಡವತೀ ಏನ ಹುಚ್ಚಪ್ಪಾ? ರೊಟ್ಟಿ ಮ್ಯಾಲೆಲ್ಲ ಮಣ್ಣು ಬಿತ್ತು!"

ಮಾವನ ಕಣ್ಣು ಅರಳಿತ್ತು. "ಈಗ ನಂದು ಹಚ್ಚು," ಅಂದರು.

ಡೊಳ್ಳಿನ ಕ್ಯಾಸೆಟ್ ಹಾಕಿದೆ. ನಾಲ್ಕೂ ಮೂಲೆಯಿಂದ ಕೋಲಿನ ಪೆಟ್ಟು, ತಾಳ, ಹಾಡು ತುಂಬಿ ಬಂದವು. ಹರವಿ ಮಾತ್ರ ಸುಮ್ಮನೆ ನಿಂತಿತ್ತು. ಅದರ ಮೇಲೆ ಕೈ ಇಟ್ಟು ನೋಡಿದೆ, ಒಂದಿಷ್ಟೂ ಅದುರಲಿಲ್ಲ. ಮಾವ ತಲೆಯನ್ನು ಮೆಲ್ಲಗೆ ಅಡ್ಡಡ್ಡ ಆಡಿಸಿದರು, ಅಷ್ಟೇ.

ಆಮೇಲಿನ ಎರಡು ಮೂರು ವಾರ ನಾನು ಮಾಡಿದ ಹಾರಾಟ ಅಷ್ಟಿಷ್ಟಲ್ಲ. ತಂತಿ ತಿರುವುಮುರುವಾಗಿ ಒಂದರ ದನಿಯನ್ನು ಇನ್ನೊಂದು ನುಂಗುತ್ತಿದೆಯೇನೋ ಎಂದು ಒಂದೊಂದೇ ಸ್ಪೀಕರಿಗೆ ಟಾರ್ಚಿನ ಸೆಲ್ ತಾಗಿಸಿ, ಅದರ ಕಾಗದದ ಪರದೆ ಮುಂದಕ್ಕೆ ಬರುತ್ತದೋ ಹಿಂದಕ್ಕೆ ಹೋಗುತ್ತದೋ ನೋಡಿದೆ. ಸರಿಯಾಗಿಯೇ ಇತ್ತು. ಟೇಪಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿ ತಿಕ್ಕಿದೆ. ಗುಡೂರಿನ ವೋಲ್ಟೇಜಿಗೆ ಬೈದೆ. ಕೋಣೆಯ ನಡುವೆ ದಪ್ಪ ದನಿ ತೆಳ್ಳಗಾಗಿ ಮೂಲೆಯಲ್ಲಿ ಕೂಡಿಬೀಳುತ್ತದೆ ಎಂಬುದು ಅನುಭವದಿಂದ ಗೊತ್ತಿತ್ತು. ಅದಕ್ಕೆ ಮಾವನನ್ನು ಮಂಚ ಸಮೇತ ಮೂಲೆಗೆ ಸರಿಸಿದೆ. ಆಮೇಲೆ ಇನ್ನೊಂದು ಮೂಲೆಗೆ. ಮಂಚ ಎತ್ತಿ ಇಳಿಸುವಾಗಲೆಲ್ಲ ಅವರ ಸತ್ತ ಕೈ ಕೆಳಗೆ ಜೋತಾಡುತ್ತಿತ್ತು, ಅಕ್ಕ ಅದನ್ನು ಎತ್ತಿ ಎದೆಯ ಮೇಲೆ ಇಡುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡದವನಂತೆ ತಂತಿ ಎಳೆಯುತ್ತಿದ್ದೆ.

ಪ್ರತಿ ಸಲವೂ ಮಾವನದು ಅದೇ ಮಾತು. "ಇಲ್ಲಪಾ. ಬಲಗೈ ಅಷ್ಟ ಐತಿ."

ಒಂದು ಭಾನುವಾರ ನನಗೆ ತಲೆ ಕೆಟ್ಟುಹೋಯಿತು. ಸಿನಿಮಾ ಹಾಡಿಗೆ ಮನೆ ನಡುಗುತ್ತದೆ ಅಂದ ಮೇಲೆ ಸೆಟ್ಟಿನಲ್ಲಿ ದೋಷವಿಲ್ಲ. ರೆಕಾರ್ಡು ಮಾಡಿದವನು ನಾನು, ಅದರಲ್ಲಂತೂ ದೋಷ ಇರುವ ಪ್ರಶ್ನೆಯೇ ಇಲ್ಲ. ಹಾಗಾದರೆ ಉಳಿದದ್ದು ಏನು? ಕೈಯಲ್ಲಿದ್ದ ಇಕ್ಕಳವನ್ನು ನೆಲಕ್ಕೆ ಕುಕ್ಕಿ, ಆಡಬಾರದ ಮಾತು ಆಡಿಬಿಟ್ಟೆ.

"ಮಾವ, ಎಲ್ಲಾ ಐತ್ರಿ ಇದರಾಗ. ಲಕ್ವಾ ಕೈಗಷ್ಟ ಹೊಡದಿಲ್ಲ, ನಿಮ್ಮ ಕಿವಿಗೂ ಹೊಡದೈತಿ!"

ಅಕ್ಕ ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. ಮಾವ ಬೈಯಲಿಲ್ಲ. ಬಲಗೈಯನ್ನು ಎತ್ತಿ ಬಲಗಿವಿಯ ಮೇಲೆ ಒಮ್ಮೆ, ಎಡಗಿವಿಯ ಮೇಲೆ ಒಮ್ಮೆ ಇಟ್ಟು ನೋಡಿಕೊಂಡರು. "ಇರಬಹುದು ತಮ್ಮಾ," ಅಂದರು. "ಹಂಗಾರ ಅದೂ ಹೋತು." ಮತ್ತೆ ಗೋಡೆಯ ಕಡೆ ಹೊರಳಿಕೊಂಡರು.

ನಾನು ಸಾಮಾನನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ನಾನಂದದ್ದು ಖರೆಯೇ ಇದೆ, ಖರೆ ಹೇಳಿದರೆ ತಪ್ಪೇನು ಎಂದು ನನಗೆ ನಾನೇ ವಾದ ಮಾಡಿಕೊಂಡೆ.

ನಾಲ್ಕೈದು ದಿನ ಕಳೆದಿರಬೇಕು. ಮರೋಳದಲ್ಲಿ ಒಂದು ಮದುವೆಗೆ ಮೈಕ್ ಹಚ್ಚಬೇಕಿತ್ತು. ಬೆಳಿಗ್ಗೆ ಅಂಗಡಿಯಲ್ಲೇ ಮೈಕ್ ಸೆಟ್ ಪರೀಕ್ಷೆ ಮಾಡಿದರೆ ಮೈಕಿನ ದನಿಯೇ ಬರಲಿಲ್ಲ. ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿದೆ. ಮೈಕಿನ ತಂತಿ ಒಳಗೆ ಬರುವ ಜಾಗದಲ್ಲೇ ಬೆಸುಗೆ ಬಿಟ್ಟಿತ್ತು. ಆ ಬೆಸುಗೆಯ ತುದಿಗೆ ಒಂದು ಸಣ್ಣ ಕಂಡೆನ್ಸರ್ ಜೋತುಬಿದ್ದಿತ್ತು. ಕಂಪನಿಯವರು ಹಾಕಿದ್ದಲ್ಲ, ಬೆಸುಗೆ ನನ್ನದೇ.

ಆಗ ನೆನಪಾಯಿತು. ಯಾವುದೋ ಊರಿನಲ್ಲಿ ಡೊಳ್ಳು ಬಾರಿಸುವಾಗ, ದಪ್ಪ ಪೆಟ್ಟು ತಡೆಯಲಾರದೆ ನನ್ನ ಲೌಡ್‌ಸ್ಪೀಕರಿನ ಯೂನಿಟ್ ಹರಿದುಹೋಗಿತ್ತು. ತಗಡಿನ ಆ ಉದ್ದ ಬಾಯಿಗೆ ಮಾತು, ಹಾಡು ಬೇಕು, ದಪ್ಪ ದನಿ ಬೇಡ. ಹಾಗಾಗಿ ಮುಂದೆ ಎಲ್ಲೂ ಹೀಗಾಗದಿರಲಿ ಎಂದು ಮೈಕಿನ ಬಾಗಿಲಲ್ಲೇ ಒಂದು ಕಂಡೆನ್ಸರ್ ಕಾವಲು ಹಾಕಿದ್ದೆ. ಹಾಕಿ ಮರೆತುಬಿಟ್ಟಿದ್ದೆ. ನನ್ನ ಮೈಕಿನ ದನಿ ಸ್ವಚ್ಛ ಎಂದು ಜನ ಹೊಗಳುತ್ತಿದ್ದದ್ದು ಅದಾದ ಮೇಲೆಯೇ. ಮಾವನ ಡೊಳ್ಳಿನ ಟೇಪ್ ಮಾಡಿದ್ದೂ ಅದಾದ ಮೇಲೆ, ಇದೇ ಆಂಪ್ಲಿಫೈಯರಿನಿಂದ ತಂತಿ ಎಳೆದು.

ಅಯ್ಯೋ ಶಿವನೆ! ಬಾಗಿಲಲ್ಲೇ ತಡೆದು ಕಳಿಸಿದ್ದನ್ನು ನಾನು ಇಷ್ಟು ದಿನ ಮನೆಯ ಮೂಲೆಮೂಲೆಯಲ್ಲಿ ಹುಡುಕಿದ್ದೆ. ಮಾವನ ಎಡಗೈ ಆ ಕ್ಯಾಸೆಟ್ಟಿನೊಳಗೆ ಯಾವತ್ತೂ ಹೋಗಿಯೇ ಇರಲಿಲ್ಲ. ಹರವಿ ಅಲ್ಲ, ಬಾವಿಯ ಬಾಯಿಗೆ ಸ್ಪೀಕರ್ ಕಟ್ಟಿದರೂ ಬರುವಂತಿರಲಿಲ್ಲ. ಜಗತ್ತಿನಲ್ಲಿ ಇನ್ನೆಲ್ಲೂ ಅದರ ರೆಕಾರ್ಡು ಇರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಅತ್ತೆ. ಪಕ್ಕದ ಮನೆಯ ನೇಕಾರ ಇಣುಕಿ, ಏನಾತ್ರಿ ಎಂದು ಕೇಳಿದ. ಏನಿಲ್ಲ, ಹೋಗೋ ಎಂದು ಅವನ ಮೇಲೂ ಹರಿಹಾಯ್ದೆ.

ಮದುವೆ ಮುಗಿಸಿದ ಮರುದಿನ ಗುಡೂರಿಗೆ ಹೋದೆ. ಹೇಳದೆ ಇದ್ದುಬಿಡಬಹುದಿತ್ತು. ಮಾವ ತಮ್ಮ ಕಿವಿಯೇ ಹೋಗಿದೆ ಎಂದು ನಂಬಿದ್ದರು, ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ಆ ಬಲಗೈ ಎರಡೂ ಕಿವಿ ಮುಟ್ಟಿ ನೋಡಿದ್ದು ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು, ಕಂಡೆನ್ಸರ್ ತೆಗೆದು ಅವರ ಅಂಗೈಯಲ್ಲಿಟ್ಟು, ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದೆ.

"ನಿಮ್ಮ ಕಿವಿ ಸರಿ ಅದಾವ ಮಾವ. ನಾನ ಕೆಡಿಸಿದ್ದು. ನಿಮ್ಮ ಕೈ ನಾನ ಕಳದೇನಿ."

ಮಾವ ಆ ಶೇಂಗಾ ಬೀಜದಷ್ಟರ ಕಂಡೆನ್ಸರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಷ್ಟರದು ನನ್ನ ಕೈ ತಡೀತೇನು?" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನನ್ನು ಹೊರಗೆ ಹಾಕುತ್ತಾರೆ ಎಂದೇ ನಾನು ತಿಳಿದಿದ್ದೆ.

ಮಾವ ಅಕ್ಕನ ಕಡೆ ತಿರುಗಿ, "ಗುಡಿಯಿಂದ ಒಂದು ಡೊಳ್ಳು ತರಸು. ಟೇಪಿನಾಗ ಇಲ್ಲದ್ದನ್ನ ಹೊರಗಿಂದ ಹಾಕೂಣು," ಅಂದರು.

"ಮೇಳದವರನ್ನ ಯಾರನರ ಕರೀಲೇನ್ರಿ? ಟೇಪಿನ ಜೋಡಿ ಅವರು ಎಡಕ್ಕ ಬಡದಾರು."

"ಬ್ಯಾಡ. ಅವರ ಎಡಗೈಗೆ ಅವರವರ ಚಾಳಿ ಅದಾವ. ಇವಂಗ ಏನೂ ಬರೂದಿಲ್ಲ. ಏನೂ ಬರದಾಂವ ನಾ ಹೇಳಿದಷ್ಟ ಬಡೀತಾನ." ನನ್ನ ಕಡೆ ನೋಡಿದರು. "ತಗದಾಂವ ನೀನಲ್ಲೇನು? ನೀನ ಹಾಕು. ಏಳು, ಕೈಕಾಲು ತೊಳಕೊಂಡು ಬಾ."

ನಾನು ಗುಡಿ ಗುಂಡಾರದ ಮನುಷ್ಯನಲ್ಲ. ಆದರೂ ಕೈಕಾಲು ತೊಳೆದು, ಹಣೆಗೆ ಬೀರಪ್ಪನ ಅರಿಶಿನದ ಭಂಡಾರ ಹಚ್ಚಿಕೊಂಡು, ಡೊಳ್ಳಿಗೆ ನಮಸ್ಕಾರ ಮಾಡಿ ಕೂತೆ. ಹಾಗೆ ಮಾಡದೆ ಅದನ್ನು ಮುಟ್ಟುವಂತಿರಲಿಲ್ಲ. ಟೇಪಿನಲ್ಲಿ ಮಾವನ ಬಲಗೈ ಓಡುತ್ತಿತ್ತು, ನಾನು ಡೊಳ್ಳಿನ ಎಡಮಗ್ಗುಲಿಗೆ ಅಂಗೈ ಹಾಕಬೇಕು. ಯಾವಾಗ ಹಾಕಬೇಕು ಎಂದು ಹೇಳಲು ಮಾವ ಮಂಚದ ಮೇಲಿಂದ ತಮ್ಮ ಬಲಗೈಯಲ್ಲಿ ನನ್ನ ಬೆನ್ನಿಗೆ ಬಡಿಯುತ್ತಿದ್ದರು. ಧಪ್ ಎಂದರೆ ಹಾಕು, ಸುಮ್ಮನಿದ್ದರೆ ತಡೆ.

ಮೊದಲ ದಿನ ನನ್ನ ಅಂಗೈ ಕೆಂಪಾಯಿತು, ಬೆನ್ನೂ ಕೆಂಪಾಯಿತು. "ಲೇ, ಹಲಗಿ ಮ್ಯಾಲೆ ಹಿಟ್ಟು ಬಡದಂಗ ಬಡೀಬ್ಯಾಡ್ಲೇ! ಬಡದು ಕೈ ಅಲ್ಲೇ ಇಡು. ಚರ್ಮ ಉಸಿರು ಬಿಡೂತನ ಇಡು." ಅಕ್ಕ ರೊಟ್ಟಿ ತಟ್ಟುತ್ತಲೇ ನಗುತ್ತಿದ್ದಳು. ಪ್ರತಿ ಭಾನುವಾರ ಹೋದೆ. ಒಮ್ಮೆ ಸಿಟ್ಟು ಬಂದು ಅರ್ಧಕ್ಕೇ ಎದ್ದು ಹೋದದ್ದೂ ಉಂಟು. ಮುಂದಿನ ವಾರ ಮತ್ತೆ ಹೋದೆ. ವಾರವಾರವೂ ನನ್ನನ್ನು ಬೈಯಬೇಕಾಗಿದ್ದರಿಂದಲೋ ಏನೋ, ಮಾವ ಎದ್ದು ಕೂಡತೊಡಗಿದರು. ಊಟ ಸರಿಯಾಯಿತು. ಮೇಳದವರು ಬಂದರೆ, ನೋಡ್ರಿ ನನ್ನ ಶಿಷ್ಯನ್ನ, ಎಮ್ಮಿ ಕಾಲ್ತುಳದಂಗ ಬಡೀತಾನ ಎಂದು ನಗಾಡುತ್ತಿದ್ದರು.

ಮೂರು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಟೇಪ್ ಓಡುತ್ತಿತ್ತು, ನಾನು ಬಡಿಯುತ್ತಿದ್ದೆ. ಬೆನ್ನಿನ ಮೇಲೆ ಪೆಟ್ಟು ನಿಂತಿತು. ಎಲ್ಲೋ ತಪ್ಪಿದೆ, ಬೈಗುಳ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಕೈ ತಾನೇ ಬಿದ್ದು ತಾನೇ ಏಳುತ್ತಿತ್ತು. ಆ ದಪ್ಪ ದನಿ ನೆಲದೊಳಗಿಂದ ಬಂದು ನನ್ನ ಹೊಟ್ಟೆಗೆ ತಾಗಿತು. ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತುಹೋಯಿತು. ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

ಕ್ಯಾಸೆಟ್ ಮುಗಿದು ಟಕ್ ಎಂದಿತು. ತಿರುಗಿ ನೋಡಿದೆ. ಮಾವ ಎರಡೂ ಕಣ್ಣಲ್ಲಿ ನೀರು ಸುರಿಸುತ್ತ ಕೂತಿದ್ದರು.

"ಇದು ನಿಂದಲ್ಲೋ," ಅಂದರು. "ಇದು ನಂದು."

ಬಲಗೈ ಚಾಚಿ ನನ್ನ ಎಡಗೈ ಹಿಡಿದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ತೋರುಬೆರಳಿನ ಹತ್ತಿರ ಒಂದು ಕಪ್ಪು ಕಲೆಯ ಮೇಲೆ ಅವರ ಹೆಬ್ಬೆರಳು ನಿಂತಿತು.

"ಇದೇನಿದು?"

"ಬೆಸಿಗಿ ಹಾಕುವಾಗ ಸುಟ್ಟದ್ದು, ಮಾವ."

"ಇನ್ನ ಮ್ಯಾಲೆ ಸುಟ್ಟಕೋಬ್ಯಾಡ," ಅಂದರು. "ಈ ಕೈ ಚಲೋತಂಗ ಇಟ್ಕೋ. ನನಗ ಇರೂದು ಇದೊಂದ."

ಹೂಂ ಅಂದೆ.